ರಸಮಟ್ಟ ಭಾವನ ಕೈ

ನಮ್ಮ ಭಾವನಿಗೆ ಸೊಟ್ಟ ಕಂಡರೆ ಆಗುವುದಿಲ್ಲ. ಕೆಲವರಿಗೆ ಜಿರಲೆ ಕಂಡರೆ ಆಗುವುದಿಲ್ಲ, ಕೆಲವರಿಗೆ ಬೀಗರು ಕಂಡರೆ ಆಗುವುದಿಲ್ಲ, ಇವರಿಗೆ ಸೊಟ್ಟ. ಅಕ್ಕನ ಮದುವೆಯ ಮಾತಿಗೆಂದು ಮೊದಲ ಸಲ ನಮ್ಮ ಮನೆಗೆ ಬಂದಿದ್ದಾಗ ಗೋಡೆಯ ಮೇಲೆ ಅಜ್ಜನ ಫೋಟೋ ಒಂದು ಪಕ್ಕಕ್ಕೆ ವಾಲಿತ್ತು. ದೊಡ್ಡವರು ದೊಡ್ಡ ಮಾತು ಆಡುತ್ತಿದ್ದರು. ಇವರು ನಡುವೆ ಎದ್ದರು, ಕುರ್ಚಿ ಹತ್ತಿದರು, ಅಜ್ಜನನ್ನು ನೆಟ್ಟಗೆ ಮಾಡಿದರು, ಇಳಿದು ಬಂದು ಕೂತರು. ಅಕ್ಕನ ಮುಖ ನೋಡಿದ್ದು ಆಮೇಲೆ. "ಹುಡುಗ ಅಚ್ಚುಕಟ್ಟು" ಎಂದಳು ಅಮ್ಮ. ಅಚ್ಚುಕಟ್ಟು ಒಳ್ಳೆಯ ಗುಣ ಎಂದು ಆಗ ನಾವೆಲ್ಲ ನಂಬಿದ್ದೆವು.

ಅದಕ್ಕೆ ಮೊದಲು ಭಾವ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಬಹಳ ದಿನ ಬಾಳಲಿಲ್ಲ. ಮೇಸ್ತ್ರಿ ಕಟ್ಟಿದ ಗೋಡೆಯ ಮೇಲೆ ಇವರು ರಸಮಟ್ಟ ಇಟ್ಟು ನೋಡುತ್ತಿದ್ದರು. ರಸಮಟ್ಟ ಎಂದರೆ ನಡುವೆ ಗಾಜಿನ ಕೊಳವೆ ಇರುವ ಪಟ್ಟಿ. ಕೊಳವೆಯೊಳಗಿನ ಗುಳ್ಳೆ ಗೆರೆಗಳ ನಡುವೆ ನಿಂತರೆ ಕೆಲಸ ಮಟ್ಟಸ, ಸರಿದರೆ ಸೊಟ್ಟ. ಮೇಸ್ತ್ರಿಯ ಗೋಡೆಯ ಮೇಲೆ ಗುಳ್ಳೆ ಸರಿಯಿತು. ಭಾವ ಅದನ್ನು ಮನೆ ಕಟ್ಟಿಸುವವರ ಎದುರಿಗೇ ಹೇಳಿದರು. ಮರುದಿನದಿಂದ ಭಾವ ನಮ್ಮ ಸೋಪಿನ ಕಾರ್ಖಾನೆಗೆ ಬಂದರು. ಕೆಲಸ ಹೋಯಿತು, ಹೆಸರು ಉಳಿಯಿತು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ರಸಮಟ್ಟ ಎಂದೇ ಕರೆಯುತ್ತಾರೆ.

ಕಾರ್ಖಾನೆಯಲ್ಲಿ ಅವರ ಕೆಲಸ ಒಟ್ಟುವುದು. ಸೋಪು ತುಂಬಿದ ರಟ್ಟಿನ ಡಬ್ಬಗಳು ಬೆಲ್ಟಿನ ಮೇಲೆ ಬರುತ್ತವೆ. ಬೆಲ್ಟಿನ ತುದಿಯಲ್ಲಿ ಮರದ ಹಲಗೆ ಬಡಿದು ಮಾಡಿದ ಮಣೆ, ಅದಕ್ಕೆ ಪ್ಯಾಲೆಟ್ ಎನ್ನುತ್ತಾರೆ. ಅದರ ಮೇಲೆ ಡಬ್ಬಗಳನ್ನು ಪದರ ಪದರವಾಗಿ ಜೋಡಿಸಬೇಕು. ಇಟ್ಟಿಗೆ ಕಟ್ಟುವಾಗ ಹೇಗೋ ಹಾಗೆ, ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರಬಾರದು. ಒಂದು ಪದರ ಉದ್ದುದ್ದ, ಇನ್ನೊಂದು ಅಡ್ಡಡ್ಡ. ಆಳೆತ್ತರ ಆದಮೇಲೆ ಸುತ್ತ ತೆಳು ಪ್ಲಾಸ್ಟಿಕ್ ಸುತ್ತುತ್ತಾರೆ. ಆಮೇಲೆ ನಾನು ಬರುತ್ತೇನೆ. ನಾನು ಫೋರ್ಕ್‌ಲಿಫ್ಟ್ ಓಡಿಸುತ್ತೇನೆ, ಮುಂದೆ ಎರಡು ಕಬ್ಬಿಣದ ನಾಲಿಗೆ ಇರುವ ಗಾಡಿ. ಡಬ್ಬಕ್ಕೆ ಟೇಪು ಹಚ್ಚುವ ಟೇಪಿನಮ್ಮ, "ಇವನಿಗೆ ಒಟ್ಟು ಮೂರು ನಾಲಿಗೆ, ಕಬ್ಬಿಣದ ಎರಡೇ ವಾಸಿ" ಎನ್ನುತ್ತಾಳೆ. ಅವಳ ಮಾತಿಗೆ ಉತ್ತರ ಕೊಡಲು ಇಲ್ಲಿ ಜಾಗವಿಲ್ಲ.

ಭಾವ ಒಟ್ಟಿದ ಪ್ಯಾಲೆಟ್ ನೋಡಿದರೆ ಬಿಚ್ಚಲು ಮನಸ್ಸು ಬರುತ್ತಿರಲಿಲ್ಲ. ನಾಲ್ಕು ಮೂಲೆಯೂ ಚಾಕುವಿನಲ್ಲಿ ಕುಯ್ದ ಹಾಗೆ. ಆದರೆ ಅವರು ತಮ್ಮದನ್ನಷ್ಟೇ ಒಟ್ಟಿ ಸುಮ್ಮನಿರುತ್ತಿರಲಿಲ್ಲ. ಪಕ್ಕದವನು ಒಟ್ಟಿದ್ದರಲ್ಲಿ ಒಂದು ಡಬ್ಬ ಒಂದು ಬೆರಳು ಆಚೆ ಇದ್ದರೂ ಅಂಗೈಯಿಂದ ಒಂದು ತಟ್ಟು. ನಡೆದು ಹೋಗುವಾಗ ಒಂದು ತಟ್ಟು, ಟೀ ಕುಡಿಯಲು ಹೋಗುವಾಗ ಒಂದು ತಟ್ಟು. ಲಾರಿ ಹತ್ತಿಸಿದ ಮೇಲೂ ಹಿಂದಿನ ಬಾಗಿಲು ಹಾಕುವ ಮುಂಚೆ ಕೈ ತೂರಿಸಿ ಒಂದು ತಟ್ಟು. ಒಂದು ಸಲ ಡ್ರೈವರ್ ನೋಡದೆ ಬಾಗಿಲು ಹಾಕಿದ. ಕೈ ಹೊರಗೆ ಬಂದಿತ್ತು, ತೋಳಿನ ಬಟ್ಟೆ ಬಂದಿರಲಿಲ್ಲ. ಭಾವ ಲಾರಿಯ ಜೊತೆ ಗೇಟಿನವರೆಗೆ ಓಡಿದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇವರದು ಲಾರಿ ಎಳೆದರೂ ಹೋಗಲಿಲ್ಲ.

ಹೀಗಿರುವಾಗ ಕಾರ್ಖಾನೆಗೆ ಅಳಿಯ ಬಂದ.

ಅಳಿಯ ಎಂದರೆ ಮನುಷ್ಯನಲ್ಲ, ರೋಬೋಟ್. ಹಳದಿ ಬಣ್ಣದ ಒಂದೇ ಒಂದು ಕೈ, ಭುಜ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು. ಬೆರಳಿಲ್ಲ, ಬೆರಳಿನ ಜಾಗದಲ್ಲಿ ರಬ್ಬರಿನ ಬಟ್ಟಲುಗಳು. ಗಾಳಿ ಎಳೆದುಕೊಂಡು ಡಬ್ಬವನ್ನು ಕಚ್ಚುತ್ತದೆ, ಎತ್ತುತ್ತದೆ, ತಿರುಗುತ್ತದೆ, ಪ್ಯಾಲೆಟ್ಟಿನ ಮೇಲೆ ಇಟ್ಟು ಉಫ್ ಎಂದು ಬಿಡುತ್ತದೆ. ಅಳಿಯ ಎಂದು ಹೆಸರಿಟ್ಟದ್ದು ಟೇಪಿನಮ್ಮ. ಬಂದ ದಿನದಿಂದ ಅದಕ್ಕೆ ಬೇರೆಯೇ ಕರೆಂಟು, ಬೇರೆಯೇ ಗಾಳಿ, ಸುತ್ತ ಬೇಲಿ, ದಿನಾ ಒರೆಸುವುದು, ಯಾರೂ ಜೋರಾಗಿ ಮಾತಾಡುವಂತಿಲ್ಲ, ಸ್ವಲ್ಪ ನಿಂತರೆ ಸಾಕು ಎಲ್ಲರೂ ಓಡಿಬಂದು ಏನಾಯಿತು ಏನಾಯಿತು ಎನ್ನುವುದು. ಭಾವನೂ ನಮ್ಮ ಮನೆಗೆ ಬಂದಿದ್ದ ಒಂದು ಸಂಜೆ ಈ ಹೆಸರು ಹೇಳಿದಾಗ ನಮ್ಮಮ್ಮ ಭಾವನ ಕಡೆ ನೋಡಿ, "ಇರೋ ಅಳಿಯನೇ ಸಾಕಾಗಿತ್ತು" ಎಂದಳು.

ಒಟ್ಟುವ ಉಳಿದವರನ್ನು ಲಾರಿ ತುಂಬಿಸುವ ಕಡೆ ಹಾಕಿದರು. ಭಾವ ಹಳಬರು ಎಂದು ಅವರನ್ನು ಅಳಿಯನ ಹತ್ತಿರವೇ ಉಳಿಸಿದರು. ಖಾಲಿ ಪ್ಯಾಲೆಟ್ ಇಡುವುದು, ಬೆಲ್ಟಿನ ಮೇಲೆ ಹರಿದ ಡಬ್ಬ ಬಂದರೆ ತೆಗೆಯುವುದು, ಉಳಿದ ಹೊತ್ತು ನಿಂತು ನೋಡುವುದು. ಆ ಕೊನೆಯದರಲ್ಲಿ ತೊಂದರೆ ಇತ್ತು.

ಅಳಿಯನ ಬೇಲಿಗೆ ಒಂದು ಕಡೆ ಬಾಗಿಲಿಲ್ಲ. ತುಂಬಿದ ಪ್ಯಾಲೆಟ್ ಅಲ್ಲಿಂದಲೇ ಹೊರಗೆ ಬರುತ್ತದೆ. ಅಲ್ಲಿ ಎರಡು ಕಂಬ, ಕಂಬದ ನಡುವೆ ಕಣ್ಣಿಗೆ ಕಾಣದ ಬೆಳಕು. ಪ್ಯಾಲೆಟ್ ದಾಟಿದರೆ ಅದಕ್ಕೆ ಗೊತ್ತಾಗುತ್ತದೆ, ಬಿಟ್ಟುಕೊಡುತ್ತದೆ. ಮನುಷ್ಯನ ಕೈ ದಾಟಿದರೂ ಗೊತ್ತಾಗುತ್ತದೆ. ಕೈ ದಾಟಿದ ಗಳಿಗೆ ಅಳಿಯ ನಿಂತಲ್ಲೇ ನಿಲ್ಲುತ್ತಾನೆ, ಕೆಂಪು ದೀಪ ತಿರುಗುತ್ತದೆ, ಹಾರ್ನು ಬಡಿದುಕೊಳ್ಳುತ್ತದೆ. ಬೆಲ್ಟಿನ ಮೇಲೆ ಡಬ್ಬದ ಹಿಂದೆ ಡಬ್ಬ ಬಂದು ಗುದ್ದಿಕೊಂಡು ಟೇಪಿನಮ್ಮನ ಕಾಲಬುಡದವರೆಗೆ ಬೀಳುತ್ತವೆ. ಮತ್ತೆ ಹೊರಡಿಸಬೇಕಾದರೆ ಇಂಜಿನಿಯರಮ್ಮ ಮೇಲಿನ ಕೋಣೆಯಿಂದ ಕೀಲಿ ಹಿಡಿದು ಇಳಿದು ಬರಬೇಕು.

ಮೊದಲ ದಿನ, ಮೊದಲ ಪ್ಯಾಲೆಟ್, ಒಂದು ಡಬ್ಬ ಎರಡು ಬೆರಳು ಆಚೆ ಕೂತಿತು. ಭಾವನ ಕೈ ಹೋಯಿತು. ಹಾರ್ನು.

ಇಂಜಿನಿಯರಮ್ಮ ಚಿಕ್ಕ ವಯಸ್ಸಿನವಳು. ತಾಳ್ಮೆ ಬಹಳ. ನಾನಾಗಿದ್ದರೆ ಆ ಕೀಲಿಯನ್ನು ಯಾರ ಮೇಲಾದರೂ ಎಸೆಯುತ್ತಿದ್ದೆ.

"ಯಾಕೆ ಕೈ ಹಾಕಿದ್ರಿ?"

"ಸೊಟ್ಟ ಇತ್ತು ಮೇಡಂ."

"ಇರಲಿ ಬಿಡಿ. ಎರಡು ಬೆರಳು ಆಚೆ ಇದ್ರೂ ಬೀಳಲ್ಲ ಅದು. ಪ್ಲಾಸ್ಟಿಕ್ ಸುತ್ತಿದ ಮೇಲೆ ಎಲ್ಲಾ ಒಂದಾಗುತ್ತೆ."

"ಹೌದು ಮೇಡಂ."

ಅವಳು ಹೇಳಿದ್ದು ನಿಜ. ಆ ಪ್ಯಾಲೆಟ್ಟನ್ನು ನಾನೇ ಎತ್ತಿ ಗೋಡೌನಿನ ಮೇಲಿನ ಅಟ್ಟಕ್ಕೆ ಇಟ್ಟೆ. ಅಲ್ಲಾಡಲಿಲ್ಲ. ಅಳಿಯ ಒಟ್ಟಿದ ಒಂದು ಪ್ಯಾಲೆಟ್ಟೂ ಇವತ್ತಿನವರೆಗೆ ಬಿದ್ದಿಲ್ಲ. ಭಾವನಿಗೂ ಇದು ಗೊತ್ತು, ಯಾರು ಕೇಳಿದರೂ ಹೇಳುತ್ತಾರೆ. ಗೊತ್ತಿಲ್ಲದ್ದು ಅವರ ಕೈಗೆ. ಕೈ ಹೋಗಿ ಬಂದ ಮೇಲೆ ಭಾವ ಅದನ್ನು ಬೇರೆಯವರ ಕೈ ನೋಡುವ ಹಾಗೆ ತಿರುಗಿಸಿ ನೋಡುತ್ತಿದ್ದರು.

ದಿನಾ ಇದೇ ಆಯಿತು. ಹಾರ್ನು ಬಡಿದರೆ ಯಾರೂ ಏನಾಯಿತು ಎಂದು ಕೇಳುವುದನ್ನು ಬಿಟ್ಟರು. "ಮಾವ ಮುಟ್ಟಿದ, ಅಳಿಯ ಮುನಿಸಿಕೊಂಡ" ಎಂದು ಟೇಪಿನಮ್ಮ ಕೂಗುವಳು. ಪ್ಯಾಕಿಂಗಿನ ಹೆಂಗಸರೆಲ್ಲ ನಗುವರು. ನಾನು ಗಾಡಿಯಿಂದಲೇ ಬಯ್ಯುತ್ತಿದ್ದೆ. ಸಾಮಾನ್ಯವಾಗಿ ಭಾವನಿಗೆ ನಾನು ನೀವು ಎನ್ನುತ್ತೇನೆ. ಸಿಟ್ಟು ಬಂದರೆ ಅದು ನೀನು ಆಗುತ್ತದೆ. ಆ ತಿಂಗಳೆಲ್ಲ ಭಾವ ಬಹುಪಾಲು ನೀನು ಆಗಿದ್ದರು.

ಕೊನೆಗೆ ಸೂಪರ್‌ವೈಸರ್ ಕರೆಸಿದ. ನನ್ನನ್ನೂ ಕರೆಸಿದ, ಸಂಬಂಧಿಕ ಎಂದು. ಅವನ ಕೋಣೆಯಲ್ಲಿ ಕ್ಯಾಲೆಂಡರ್ ಮೊಳೆಯಿಂದ ಸ್ವಲ್ಪ ವಾಲಿತ್ತು. ಇನ್ನು ಮಾತು ಭಾವನ ಕಿವಿಗೆ ಬೀಳುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

"ಬರೋ ವಾರ ದೊಡ್ಡ ಸಾಹೇಬರು ಬರ್ತಾರೆ, ಮೆಷಿನ್ ನೋಡೋಕೆ" ಎಂದ ಸೂಪರ್‌ವೈಸರ್. "ಅವರ ಮುಂದೆ ಅದು ನಿಮ್ಮ ಕೈಯಿಂದ ನಿಂತರೆ ನಾನು ಏನೂ ಮಾಡೋಕಾಗಲ್ಲ. ಲಾರಿ ಕಡೆ ಜಾಗ ಇಲ್ಲ, ಅಲ್ಲಿ ಆಗಲೇ ಒಬ್ಬರ ಕಾಲು ಒಬ್ಬರು ತುಳೀತಿದ್ದಾರೆ. ಮನೆಗೆ ಹೋಗಬೇಕಾಗುತ್ತೆ. ಅರ್ಥ ಆಯ್ತಾ?"

"ಆಯ್ತು ಸಾರ್" ಎಂದು ಭಾವ ಎದ್ದು ಕ್ಯಾಲೆಂಡರ್ ಸರಿ ಮಾಡಿದರು.

ಮನೆಗೆ ಹೋಗುವುದು ಎಂದರೆ ಬೇರೆಯವರಿಗೆ ಏನೋ, ನಮ್ಮ ಭಾವನ ವಿಷಯದಲ್ಲಿ ಅದರ ರುಚಿ ನಾವು ಒಮ್ಮೆ ನೋಡಿದ್ದೆವು. ಕಾಲಿನ ಬೆರಳ ಮೇಲೆ ಪ್ಯಾಲೆಟ್ ಬಿದ್ದು ಅವರು ಕೆಲವು ವಾರ ಮನೆಯಲ್ಲಿದ್ದರು. ಮೊದಲು ಪಾತ್ರೆ ಜೋಡಿಸಿದರು. ಆಮೇಲೆ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಉಪ್ಪಿನ ಡಬ್ಬಿ ಸೋಪಿನ ಪುಡಿಯ ಡಬ್ಬಿಯಷ್ಟೇ ಎತ್ತರ ಎಂದು ಎರಡೂ ಒಂದೇ ಕಡೆ ಹೋದವು. ಅಕ್ಕನ ಸೀರೆಗಳನ್ನು ಉದ್ದುದ್ದ ಒಂದು ಪದರ, ಅಡ್ಡಡ್ಡ ಒಂದು ಪದರ ಒಟ್ಟಿದರು. ಕೆಳಗಿನದು ಬೇಕೆಂದರೆ ಮೇಲಿನದೆಲ್ಲ ಇಳಿಸಬೇಕು. ಅಕ್ಕ ಮೊದಮೊದಲು ಬೈದಳು. ಅವಳು ಬೈದರೆ ಬೀದಿಗೆ ಕೇಳಿಸುತ್ತದೆ, ಈ ಗುಣ ನಮ್ಮ ಮನೆತನದ್ದು. ಒಂದು ದಿನ ಬೈಯುವುದನ್ನು ನಿಲ್ಲಿಸಿದಳು. ಊಟ ಬಡಿಸಿದಳು, ಮಾತಾಡಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಒಂದು ಚೀಲ ಹಿಡಿದು ನಮ್ಮ ಮನೆಗೆ ಬಂದು ಕೂತಳು. ಭಾವನ ಬೆರಳು ವಾಸಿಯಾಗಿ ಅವರು ಕೆಲಸಕ್ಕೆ ಹೊರಟ ಬೆಳಿಗ್ಗೆಯೇ ಚೀಲ ಹಿಡಿದು ವಾಪಸ್ಸು ಹೋದಳು. ಆ ಬಗ್ಗೆ ಇಬ್ಬರೂ ಮತ್ತೆ ಮಾತು ತೆಗೆಯಲಿಲ್ಲ.

ಸೂಪರ್‌ವೈಸರನ ಕೋಣೆಯಿಂದ ಇಳಿಯುವಾಗ ಭಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಕೂತೆ. ಏನಾದರೂ ಅನ್ನಬೇಕಲ್ಲ, "ಒಂದು ಕೈ ಹಿಡಿದಿಟ್ಟುಕೊಳ್ಳೋಕೆ ಆಗಲ್ವಾ ನಿನಗೆ?" ಎಂದೆ.

"ಆಗಲ್ಲ ಕಣೋ."

"ಆಗಲ್ಲ ಅಂದ್ರೆ?"

"ನಿನಗೆ ಬೈಬೇಡ ಅಂದ್ರೆ ಆಗುತ್ತಾ?"

ನಾನು ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ.

"ಇಲ್ಲಿ ನನ್ನನ್ನ ಎಲ್ಲರೂ ಬೈತಾರೆ" ಎಂದರು ಭಾವ. "ನೀನು ಬೈತೀಯ, ಟೇಪಿನಮ್ಮ ಬೈತಾಳೆ. ಸಂಜೆ ಮನೆಗೆ ಹೋದ್ರೆ ನಿಮ್ಮಕ್ಕ ಬೈತಾಳೆ. ಅದೆಲ್ಲ ಸರಿ. ನಾನು ಮನೇಲೇ ಕೂತರೆ ಅವಳು ಬೈಯಲ್ಲ. ಸುಮ್ಮನಾಗಿಬಿಡ್ತಾಳೆ. ಅದು ನನಗೆ ತಡೆಯೋಕಾಗಲ್ಲ."

ಅವತ್ತು ಅವರನ್ನು ಮತ್ತೆ ನೀವು ಎಂದೆ.

ಅಂದಿನಿಂದ ಭಾವನ ಕೈ ಕಟ್ಟುವುದು ನಮ್ಮ ಕೆಲಸವಾಯಿತು. ಅಕ್ಕನಿಗೆ ವಿಷಯ ಹೇಳಿದೆ. ಅವಳು ಮೊದಲು ನನ್ನನ್ನು ಬೈದಳು, ಆಮೇಲೆ ಅಳಿಯನನ್ನು ಬೈದಳು, ಆಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಭಾವನ ಪ್ಯಾಂಟಿಗೆ ಮೊಣಕಾಲಿನವರೆಗೆ ಇಳಿಯುವ ಜೇಬು ಹೊಲಿದಳು. ಕೈ ಒಳಗೆ ಹೋದರೆ ಬೇಗ ಹೊರಗೆ ಬರಬಾರದು ಎಂಬುದು ಯೋಚನೆ. ಬರಲಿಲ್ಲ ನಿಜ. ಡಬ್ಬ ಸೊಟ್ಟ ಕೂತಿತು, ಭಾವನ ಕೈ ಜೇಬಿನಲ್ಲಿ ಒದ್ದಾಡಿತು, ಭಾವ ತಲೆಯಿಂದ ತಳ್ಳಿದರು. ಕಂಬದ ನಡುವಿನ ಬೆಳಕಿಗೆ ಕೈ ಬೇರೆ ತಲೆ ಬೇರೆ ಎಂಬ ಭೇದವಿಲ್ಲ. ಹಾರ್ನು.

"ತಲೆ ಹಾಕಿದ್ರಾ?" ಎಂದಳು ಇಂಜಿನಿಯರಮ್ಮ.

"ಕೈ ಜೇಬಲ್ಲಿತ್ತು ಮೇಡಂ."

ಅವಳು ಕೀಲಿ ತಿರುಗಿಸಿ ಮೇಲೆ ಹೋದಳು. ಮೇಲೆ ಹೋದಮೇಲೆ ಬಾಗಿಲು ಜೋರಾಗಿ ಹಾಕಿದ್ದು ಕೇಳಿಸಿತು. ನನಗೆ ಅವಳ ಮೇಲೆ ಗೌರವ ಹೆಚ್ಚಾಯಿತು.

ಆಮೇಲೆ ಅಳಿಯನಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಸ್ವಲ್ಪ ಹೊತ್ತು ಚೆನ್ನಾಗಿ ನಡೆಯಿತು. ಎದುರು ಗೋಡೆಗೆ ಬೆಂಕಿ ಆರಿಸುವ ಸಿಲಿಂಡರ್ ನೇತುಹಾಕಿದ್ದ ಗಾಜಿನ ಪೆಟ್ಟಿಗೆ ಇತ್ತು. ಭಾವ ಆ ಗಾಜಿನಲ್ಲಿ ನೋಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ಹಿಮ್ಮುಖವಾಗಿ ಕೈ ಹಾಕಿದರು. ಸೊಟ್ಟ ಕೂತ ಡಬ್ಬವನ್ನು ತಿರುಗಿ ನೋಡದೆಯೇ ತಟ್ಟಿ ಸರಿ ಮಾಡಿದ್ದಕ್ಕೆ ಪ್ಯಾಕಿಂಗಿನ ಹೆಂಗಸರು ಚಪ್ಪಾಳೆ ಹೊಡೆದರು. ನನಗೆ ಮೈ ಉರಿದುಹೋಯಿತು. ಊಟದ ಹೊತ್ತಿನಲ್ಲಿ ಪ್ಯಾಲೆಟ್ಟಿಗೆ ಸುತ್ತುವ ಪ್ಲಾಸ್ಟಿಕ್ ತಂದು ಅವರ ಎರಡೂ ಕೈ ಸೇರಿಸಿ ಮೈಗೆ ಸುತ್ತಿದೆ. ಭಾವ ಬೇಡ ಎನ್ನಲಿಲ್ಲ. "ಮೇಲೆ ಸ್ವಲ್ಪ ಬಿಗಿ ಮಾಡು, ಅಲ್ಲಿ ಸುಕ್ಕಾಗಿದೆ" ಎಂದರು.

"ಲೇಬಲ್ ಅಂಟಿಸಲಾ?" ಎಂದಳು ಟೇಪಿನಮ್ಮ.

"ನೀನು ನಿನ್ನ ಬಾಯಿಗೆ ಟೇಪು ಹಚ್ಕೋ" ಎಂದೆ.

"ನನ್ನ ಬಾಯಿಗೆ ಟೇಪು ಸಾಲಲ್ಲಪ್ಪ, ನಿನ್ನದಕ್ಕೆ ಉಳಿಯಲ್ಲ ಆಮೇಲೆ."

ಭಾವ ಹಾಗೆ ಉಣ್ಣುವುದು ಹೇಗೆ ಎಂಬ ಪ್ರಶ್ನೆ ಬಂದದ್ದರಿಂದ ಬಿಚ್ಚಬೇಕಾಯಿತು.

ಉಪಾಯ ಹೊಳೆದದ್ದು ಅಕ್ಕನಿಗೆ. ಸಾಹೇಬರು ಬರುವ ಹಿಂದಿನ ಸಂಜೆ ನಾನು ಅವರ ಮನೆಯಲ್ಲಿದ್ದೆ. ಎಲ್ಲ ದಾರಿ ಮುಗಿದಿತ್ತು. ಭಾವ ಬಾಗಿಲ ಬಳಿ ಚಪ್ಪಲಿಗಳನ್ನು ಜೋಡಿಸುತ್ತಿದ್ದರು. ಅಕ್ಕ ಸ್ಟೀಲಿನ ಲೋಟದ ತುಂಬ ನೀರು ತಂದು ನನಗೆ ಕೊಡಹೋದಳು. ಕಂಠದವರೆಗೆ ತುಂಬಿಸಿದ್ದಳು, ನಾನು ತೆಗೆದುಕೊಳ್ಳುವ ಮುಂಚೆ ಭಾವ ಎದ್ದು, "ತಡಿ ತಡಿ, ಚೆಲ್ಲುತ್ತೆ" ಎಂದು ಎರಡೂ ಕೈಯಲ್ಲಿ ಲೋಟ ಹಿಡಿದರು. ಹಿಡಿದವರು ನೀರನ್ನೇ ನೋಡುತ್ತ ನಿಂತರು. ನೀರು ಅಂಚಿನ ಮೇಲೆ ಸ್ವಲ್ಪ ಉಬ್ಬಿ ನಿಂತಿತ್ತು, ಎತ್ತಲೂ ವಾಲಿರಲಿಲ್ಲ. ಭಾವನೂ ವಾಲಿರಲಿಲ್ಲ. ಅಕ್ಕ ಅವರನ್ನು ನೋಡಿದಳು. ಮೆಲ್ಲಗೆ ಹೋಗಿ ಗೋಡೆಯ ಮೇಲಿನ ಕನ್ನಡಿಯನ್ನು ಒಂದು ಪಕ್ಕಕ್ಕೆ ಎಳೆದಳು. ಭಾವನ ಕಣ್ಣು ಕನ್ನಡಿಗೆ ಹೋಯಿತು, ಲೋಟದ ನೀರು ನಡುಗಿತು, ಕಣ್ಣು ವಾಪಸ್ಸು ಲೋಟಕ್ಕೆ ಬಂತು.

"ಸಿಕ್ತು" ಎಂದಳು ಅಕ್ಕ. "ಇವರ ಕೈ ಕಟ್ಟೋಕಾಗಲ್ಲ. ಕೈಗೆ ಕೆಲಸ ಕೊಡಬೇಕು ಅಷ್ಟೇ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ."

"ತುಂಬಿದ್ದೇ ತುಳುಕೋದು" ಎಂದರು ಭಾವ, ನೀರಿನಿಂದ ಕಣ್ಣು ತೆಗೆಯದೆ. "ಅದಕ್ಕೇ ಹಿಡ್ಕೊಂಡಿದ್ದೀನಿ."

ಮರುದಿನ ಬೆಳಿಗ್ಗೆ ಭಾವ ಅದೇ ಲೋಟ ಹಿಡಿದು ಅಳಿಯನ ಪಕ್ಕ ನಿಂತರು. ಖಾಲಿ ಪ್ಯಾಲೆಟ್ಟುಗಳನ್ನು ಮುಂಚೆಯೇ ಒಟ್ಟಿಟ್ಟು ಕೈ ಬಿಡುವು ಮಾಡಿಕೊಂಡಿದ್ದರು. ಲೋಟದ ತುಂಬ ನೀರು. ಟೇಪಿನಮ್ಮ ಕೂಡ ಅವತ್ತು ತಮಾಷೆ ಮಾಡಲಿಲ್ಲ, ಟೇಪು ಸರಿಯಾಗಿ ಹಚ್ಚುವುದರಲ್ಲಿದ್ದಳು. ಎರಡು ಸಲ ಡಬ್ಬ ಸ್ವಲ್ಪ ಆಚೆ ಕೂತಿತು. ಎರಡು ಸಲವೂ ಲೋಟ ನಡುಗಿತು, ಭಾವ ನಿಂತರು. ಅಳಿಯ ನಿಲ್ಲಲಿಲ್ಲ. ಇಂಜಿನಿಯರಮ್ಮ ಮೇಲಿನ ಕಿಟಕಿಯಿಂದ ಇಣುಕಿ ಲೋಟ ನೋಡಿದಳು. ಏನೂ ಕೇಳಲಿಲ್ಲ. ಜೇಬು, ತಲೆ, ಪ್ಲಾಸ್ಟಿಕ್ ಎಲ್ಲ ನೋಡಿದ ಮೇಲೆ ಅವಳು ಕೇಳುವುದನ್ನು ಬಿಟ್ಟಿದ್ದಳು.

ದೊಡ್ಡ ಸಾಹೇಬರು ಬಂದರು. ತಲೆಗೆ ಬಿಳಿ ಹೆಲ್ಮೆಟ್, ಹಿಂದೆ ಸೂಪರ್‌ವೈಸರ್, ಇಂಜಿನಿಯರಮ್ಮ, ಇನ್ನೂ ಯಾರಾರೋ. ತಗಡಿನ ಮಾಡಿನ ಕೆಳಗೆ ಸೆಖೆ. ಗೋಡೌನೆಲ್ಲ ನಡೆದು ಬಂದಿದ್ದರು, ಮುಖ ಕೆಂಪಾಗಿತ್ತು. ನಾನು ತುಂಬಿದ ಪ್ಯಾಲೆಟ್ ಎತ್ತಿಕೊಂಡು ಹೋಗಲು ಗಾಡಿಯ ಮೇಲೆ ಕಾಯುತ್ತಿದ್ದೆ. ಭಾವನಿಗೂ ನನಗೂ ನಡುವೆ ಬೆಲ್ಟು. ಸಾಹೇಬರು ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿದರು, ಕಂಬದ ಹತ್ತಿರಕ್ಕೆ ಬಂದರು, ಅಲ್ಲಿ ಯೂನಿಫಾರಂ ಹಾಕಿ ಎರಡೂ ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತ ಮನುಷ್ಯನನ್ನು ನೋಡಿದರು.

"ಓ, ನೀರು! ಒಳ್ಳೇ ಕೆಲಸ ಮಾಡಿದ್ರಿ" ಎಂದರು.

ಲೋಟ ತೆಗೆದುಕೊಂಡರು. ಒಂದೇ ಗುಟುಕಿಗೆ ಕುಡಿದರು. ಖಾಲಿ ಲೋಟ ವಾಪಸ್ಸು ಕೊಟ್ಟರು.

ನಾನು ಗಾಡಿಯ ಮೇಲೆ ಕೂತು ಏನೂ ಮಾಡುವಂತಿರಲಿಲ್ಲ. ಹಾರ್ನು ಹೊಡೆಯೋಣವೇ ಎನಿಸಿತು, ಆದರೆ ಅಲ್ಲಿ ಹಾರ್ನು ಎಂದರೆ ಅರ್ಥ ಬೇರೆ. ಭಾವ ಖಾಲಿ ಲೋಟದೊಳಗೆ ನೋಡಿದರು. ಅದರಲ್ಲಿ ನೋಡಲು ಏನೂ ಉಳಿದಿರಲಿಲ್ಲ. ತಲೆ ಎತ್ತಿದರು.

ಆ ಹೊತ್ತಿಗೇ ಅಳಿಯ ಒಂದು ಡಬ್ಬ ತಂದ. ಟೇಪಿನಮ್ಮ ಆಮೇಲೆ ಎಷ್ಟು ಆಣೆ ಹಾಕಿದರೂ ಸರಿ, ಆ ಡಬ್ಬದ ಟೇಪು ಒಂದು ಕಡೆ ಬಿಟ್ಟಿತ್ತು. ಮುಚ್ಚಳ ಸ್ವಲ್ಪ ಉಬ್ಬಿತ್ತು. ರಬ್ಬರಿನ ಬಟ್ಟಲು ಓರೆಯಾಗಿ ಕಚ್ಚಿತ್ತು. ಡಬ್ಬ ಬಂದು ಮೂಲೆಯಲ್ಲಿ ಕೂತಿತು. ಎರಡಲ್ಲ, ಮೂರು ಬೆರಳು ಆಚೆ. ಅಷ್ಟು ಸೊಟ್ಟ ಡಬ್ಬವನ್ನು ನಾನು ಅಳಿಯನ ಬಳಿ ಅದುವರೆಗೆ ನೋಡಿರಲಿಲ್ಲ. ನನ್ನ ಕೈಯೇ ಸ್ಟಿಯರಿಂಗ್ ಬಿಟ್ಟು ಎದ್ದಿತ್ತು.

ಲೋಟ ಬಿದ್ದ ಸದ್ದಾಯಿತು. ಠಣ್ ಎಂದು ಬಿದ್ದು ಬೆಲ್ಟಿನ ಕೆಳಗೆ ಉರುಳಿಕೊಂಡು ಹೋಯಿತು. ನಾನು ಕಣ್ಣು ಮುಚ್ಚಿ ಹಾರ್ನಿಗೆ ಕಾದೆ.

ಹಾರ್ನು ಬರಲಿಲ್ಲ. ಅಳಿಯ ಉಫ್ ಎಂದು ಬಿಟ್ಟು ಇನ್ನೊಂದು ಡಬ್ಬಕ್ಕೆ ತಿರುಗಿದ. ಕಣ್ಣು ಬಿಟ್ಟರೆ, ನಮ್ಮ ಭಾವ ದೊಡ್ಡ ಸಾಹೇಬರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು. ಸಾಹೇಬರ ಕೈ ಕಂಬದಿಂದ ಒಂದು ಗೇಣು ಈಚೆ, ಬೆರಳುಗಳು ಡಬ್ಬದ ಕಡೆಗೆ ಚಾಚಿದ್ದವು. ಸೂಪರ್‌ವೈಸರನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಬೇಡ" ಎಂದರು ಭಾವ. "ಬೀಳಲ್ಲ ಅದು. ಎರಡು ಬೆರಳು ಆಚೆ ಇದ್ರೂ ಬೀಳಲ್ಲ."

ಸಾಹೇಬರು ತಮ್ಮ ಕೈ ನೋಡಿಕೊಂಡರು. ಅದನ್ನು ಬೇರೆಯವರ ಕೈ ನೋಡುವ ಹಾಗೆ ತಿರುಗಿಸಿ ನೋಡಿದರು. "ಅದು... ತಾನಾಗೇ ಹೋಯ್ತು" ಎಂದರು.

"ಹೋಗುತ್ತೆ ಸಾಹೇಬ್ರೇ" ಎಂದರು ಭಾವ.

ಕೈ ಇನ್ನೂ ಬಿಟ್ಟಿರಲಿಲ್ಲ. ಸೂಪರ್‌ವೈಸರ್ ಕೆಮ್ಮಿದ ಮೇಲೆ ಬಿಟ್ಟರು. ಡಬ್ಬದ ಮೇಲೆ ಡಬ್ಬ ಬಂತು, ಪ್ಯಾಲೆಟ್ ತುಂಬಿತು, ಕಂಬದ ನಡುವೆ ಹೊರಗೆ ಬಂತು, ಪ್ಲಾಸ್ಟಿಕ್ ಸುತ್ತಿದರು. ನಾನು ಎತ್ತಿಕೊಂಡು ಹೋದೆ. ಬೀಳಲಿಲ್ಲ. ವಾಪಸ್ಸು ಬಂದಾಗ ಸಾಹೇಬರು ಇನ್ನೊಂದು ಲೋಟ ನೀರು ಕೇಳುತ್ತಿದ್ದರು, ಯಾರಿಗೂ ಲೋಟ ಸಿಗುತ್ತಿರಲಿಲ್ಲ.

ಮರುದಿನ ಸೂಪರ್‌ವೈಸರ್ ಭಾವನನ್ನು ಮತ್ತೆ ಕರೆಸಿದ. ಮನೆಗೆ ಹೋಗುವ ಮಾತು ಬರಲಿಲ್ಲ. ಯಾರು ಬಂದರೂ ಅಳಿಯನ ಮುಂದೆ ಕೈ ಚಾಚುತ್ತಾರೆ ಎಂದು ಸಾಹೇಬರು ತಮ್ಮ ಅನುಭವದಿಂದಲೇ ಹೇಳಿದ್ದರಂತೆ. ಲಾರಿ ಡ್ರೈವರುಗಳು, ನೋಡಲು ಬಂದವರು, ಹೊಸದಾಗಿ ಸೇರಿದವರು, ಎಲ್ಲರನ್ನೂ ತಡೆಯಲು ಅಲ್ಲಿ ಒಬ್ಬರು ಬೇಕು, ನನ್ನ ಕೈ ಹಿಡಿದವರೇ ಇರಲಿ, ಹಿಡಿತ ಚೆನ್ನಾಗಿದೆ ಎಂದಿದ್ದರಂತೆ. ನೆಲದ ಮೇಲೆ ಒಂದು ಹಳದಿ ಗೆರೆ ಬಳಿದರು. ಭಾವ ಅದರ ಮೇಲೆ ನಿಂತು ಬಂದವರ ಭುಜ ನೋಡುತ್ತಾರೆ. ಕೈಗಿಂತ ಮೊದಲು ಭುಜ ಏಳುತ್ತದಂತೆ. ಬಣ್ಣ ಬಳಿದವನು ಗೆರೆಯನ್ನು ಸ್ವಲ್ಪ ಸೊಟ್ಟ ಎಳೆದಿದ್ದ, ಅದನ್ನು ಅಳಿಸಿ ಮತ್ತೆ ಬಳಿಸಬೇಕಾಯಿತು.

ಕಾರ್ಖಾನೆಯಲ್ಲಿ ಎಲ್ಲರೂ ಭಾವ ಸಾಹೇಬರನ್ನು ಕಾಪಾಡಿದರು ಎಂದೇ ಮಾತಾಡಿಕೊಂಡರು. ನನಗೆ ಒಳಗೊಳಗೇ ಅನುಮಾನ. ಒಂದು ದಿನ ಮನೆಗೆ ನಡೆಯುವ ದಾರಿಯಲ್ಲಿ ಕೇಳಿಯೇಬಿಟ್ಟೆ.

"ಭಾವ, ನಿಜ ಹೇಳಿ. ಅವತ್ತು ನಿಮ್ಮ ಕೈ ಎದ್ದಿದ್ದು ಸಾಹೇಬರಿಗೋ ಡಬ್ಬಕ್ಕೋ?"

ಭಾವ ನಿಂತರು. ದಾರಿಯಲ್ಲಿ ಯಾರದೋ ಸೈಕಲ್ ಸ್ಟ್ಯಾಂಡಿನ ಮೇಲೆ ವಾಲಿ ನಿಂತಿತ್ತು. ನೆಟ್ಟಗೆ ಮಾಡಿದರು.

"ಡಬ್ಬಕ್ಕೇ ಕಣೋ" ಎಂದರು. "ನಡುವೆ ಅವರ ಕೈ ಸಿಕ್ತು."

"ಮತ್ತೆ ಬೀಳಲ್ಲ ಬೀಳಲ್ಲ ಅಂದಿದ್ದು?"

"ಅದು ನನಗೆ ನಾನೇ ಹೇಳ್ಕೊಂಡಿದ್ದು. ಯಾರಿಗೂ ಹೇಳಬೇಡ."

ಅಕ್ಕನಿಗೆ ಮಾತ್ರ ಹೇಳಿದೆ. ಅವಳು ನಕ್ಕು ನಕ್ಕು ಗೋಡೆಗೆ ಒರಗಿದಳು, ಆಮೇಲೆ ಕಣ್ಣು ಒರೆಸಿಕೊಂಡು, "ಲೋಟ ಎಲ್ಲಿ?" ಎಂದಳು. ಲೋಟ ಬೆಲ್ಟಿನ ಕೆಳಗೆ ಹೋದದ್ದು ಇನ್ನೂ ಸಿಕ್ಕಿಲ್ಲ. ಆರು ಲೋಟದ ಸೆಟ್ಟಿನಲ್ಲಿ ಒಂದು ಕಡಿಮೆ ಎಂದು ಭಾವನಿಗೆ ಈಗಲೂ ಸಮಾಧಾನವಿಲ್ಲ, ಮೂರರ ಪಕ್ಕ ಎರಡು ಇಟ್ಟರೆ ಸಾಲು ಸರಿ ಬರುವುದಿಲ್ಲವಂತೆ.

ಭಾವ ಪೂರ್ತಿ ಸುಧಾರಿಸಿದರು ಎಂದು ಯಾರೂ ತಿಳಿಯಬಾರದು. ಹೋದ ವಾರವೂ ಒಮ್ಮೆ ಹಾರ್ನು ಬಡಿಯಿತು. ಯಾರೋ ಡ್ರೈವರನ ಕೈ ತಡೆಯಲು ಹೋದೆ ಎಂದು ಇಂಜಿನಿಯರಮ್ಮನಿಗೆ ಹೇಳಿದರು. ಅಲ್ಲಿ ಯಾವ ಡ್ರೈವರೂ ಇರಲಿಲ್ಲ. ಅವಳು ಕೀಲಿ ತಿರುಗಿಸಿ, "ಆ ಡ್ರೈವರಿಗೆ ಹೇಳಿ, ಮತ್ತೆ ಕೈ ಹಾಕಬಾರದು ಅಂತ" ಎಂದು ಮೇಲೆ ಹೋದಳು.

ನಿನ್ನೆ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಇನ್ನೂ ಬಂದಿರಲಿಲ್ಲ. ಬೀದಿಯ ತುದಿಯಲ್ಲಿ ಅವರು ಬರುವುದು ಕಿಟಕಿಯಿಂದ ಕಂಡಿತು. ಅಕ್ಕ ಕೈಯಲ್ಲಿದ್ದ ಸೌಟು ಇಟ್ಟು ಎದ್ದಳು, ಗೋಡೆಯ ಬಳಿ ಹೋದಳು, ಕನ್ನಡಿಯನ್ನು ಬೆರಳಿನಿಂದ ಒಂದು ಪಕ್ಕಕ್ಕೆ ಸ್ವಲ್ಪ ಎಳೆದಳು, ಬಂದು ಮತ್ತೆ ಸೌಟು ಹಿಡಿದಳು. ನಾನು ನೋಡಿದ್ದನ್ನು ನೋಡಿ, "ಏನು?" ಎಂದಳು. ನಾನು ಏನೂ ಇಲ್ಲ ಎಂದೆ.

ಭಾವ ಬಂದರು. ಚಪ್ಪಲಿ ಬಿಟ್ಟು ಜೋಡಿಸಿದರು, ನನ್ನದನ್ನೂ ಜೋಡಿಸಿದರು, ಒಳಗೆ ಬಂದು ಕನ್ನಡಿ ಸರಿ ಮಾಡಿದರು.

"ಬಂದ ತಕ್ಷಣ ಶುರು ಆಯ್ತಾ? ಕೈ ಕಾಲು ತೊಳೆಯೋದು ಬೇಡ್ವಾ? ಆ ಕನ್ನಡಿ ಏನು ನಿಮ್ಮ ಹೆಗಲ ಮೇಲೆ ಬೀಳ್ತಿತ್ತಾ?" ಎಂದು ಅಕ್ಕ ಬೀದಿಗೆ ಕೇಳುವಂತೆ ಬೈದಳು.

ಭಾವ ಪೂರ್ತಿ ಕೇಳಿಸಿಕೊಂಡು, ಕೈ ತೊಳೆದು ಊಟಕ್ಕೆ ಕೂತರು.